ಕನೇಲಾಳ ಪಥ್ಯ

ಎಲ್ಲಕ್ಕೂ ಕಾರಣ ಒಂದು ತಟ್ಟೆ. ಅದು ಪಾತ್ರೆಯ ಬಾಯಿಗಿಂತ ಒಂದು ಬೆರಳು ಚಿಕ್ಕದಿತ್ತು.

ಮಾರನೆಯ ದಿನ ಸೆಪ್ಟೆಂಬರ್ ಹದಿನೆಂಟು, ದೇಶದ ಸ್ವಾತಂತ್ರ್ಯದ ಹಬ್ಬ. ವಾಲ್ಪರೈಸೊದ ಗುಡ್ಡಗಳ ಮೇಲೆ ಬೆಳಗಿನಿಂದಲೇ ಗಾಳಿಪಟಗಳು ಎದ್ದಿದ್ದವು. ಯಾವ ಮೆಟ್ಟಿಲು ಹತ್ತಿದರೂ ಈರುಳ್ಳಿ ಹುರಿಯುವ ವಾಸನೆ. ಎವಾರಿಸ್ತೊ ಕೂಡ ಬೇಗನೆ ಎದ್ದು ಎಂಪನಾದಾ ಎಂಬ ಮಾಂಸದ ಕಡುಬುಗಳಿಗೆ ಹೂರಣ ಮಾಡಿಟ್ಟಿದ್ದ. ಕೊಚ್ಚಿದ ಮಾಂಸ, ಮಾಂಸದಷ್ಟೇ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೇಲೆ ಒಂದು ಹಿಡಿ ಒಣದ್ರಾಕ್ಷಿ. ಹೂರಣ ಒಂದು ದಿನ ತಣ್ಣಗೆ ಕೂರಬೇಕು. ಅವಸರ ಮಾಡಿದರೆ ಕಚ್ಚಿದ ಕೂಡಲೇ ರಸವೆಲ್ಲ ಅಂಗಿಯ ತೋಳಿನೊಳಕ್ಕೆ ಇಳಿಯುತ್ತದೆ. ಹಾಗಾಗಿ ಪಾತ್ರೆಯನ್ನು ಕಿಟಕಿಯ ಹಲಗೆಯ ಮೇಲಿಟ್ಟು, ಕೈಗೆ ಸಿಕ್ಕ ತಟ್ಟೆ ಮುಚ್ಚಿ, ಬಾವುಟ ಕಟ್ಟಲು ಹೊರಗೆ ಹೋದ.

ಕಡಲಿನ ಗಾಳಿ ಬಾವುಟವನ್ನು ಕಂಬಕ್ಕೆ ಬಿಡದೆ ಅವನ ತಲೆಗೆ ಸುತ್ತಿತು. ಬಿಡಿಸಿಕೊಂಡು, ಮೊಳೆ ಹೊಡೆದು, ಹೆಬ್ಬೆರಳನ್ನೂ ಹೊಡೆದುಕೊಂಡು ಒಳಗೆ ಬರುವಷ್ಟರಲ್ಲಿ ತಟ್ಟೆ ನೆಲದ ಮೇಲಿತ್ತು. ಹೂರಣದ ನಟ್ಟನಡುವೆ ಮುಷ್ಟಿ ಗಾತ್ರದ ಗುಂಡಿ. ಪಾತ್ರೆಯ ಪಕ್ಕದಲ್ಲಿ ಕನೇಲಾ ಕೂತು, ಪೂಜೆ ಮುಗಿಸಿದ ಬಿಷಪ್ಪನಷ್ಟು ನೆಮ್ಮದಿಯಿಂದ ಮುಂಗಾಲು ನೆಕ್ಕುತ್ತಿದ್ದಳು.

ಕನೇಲಾ ಅವನ ಬೆಕ್ಕಲ್ಲ. ಅವನದೇ ಆಗಿದ್ದರೆ ಎರಡು ಮಾತು ಬೈದು ಗುಂಡಿಯನ್ನು ಚಮಚದಲ್ಲಿ ಸಮ ಮಾಡುತ್ತಿದ್ದ. ಅದು ಮೇಲಿನ ಮನೆಯ ಇಸ್ಮೇನಿಯಾಳ ಬೆಕ್ಕು. ಇಸ್ಮೇನಿಯಾ ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತಳಾದ ವಿಧವೆ. ಇವನು ಜೀವಮಾನವೆಲ್ಲ ಕೆಳಗಿನ ಬಂದರು ರಸ್ತೆಯಲ್ಲಿ, ಮೇಲಿನ ವಿದ್ಯುತ್ ತಂತಿಗೆ ಕೋಲು ತಗುಲಿಸಿ ಓಡುವ ಟ್ರಾಲಿಬಸ್ ಓಡಿಸಿ ನಿವೃತ್ತನಾದ ಬ್ರಹ್ಮಚಾರಿ. ಅವಳ ಹೆಸರು ಹೇಳುವಾಗ ಇವನ ದನಿ ತಾನಾಗಿ ಒಂದು ಸ್ವರ ಕೆಳಗಿಳಿಯುತ್ತಿತ್ತು. ಅದು ಓಣಿಗೆಲ್ಲ ಗೊತ್ತಿತ್ತು, ಇಸ್ಮೇನಿಯಾಳೊಬ್ಬಳನ್ನು ಬಿಟ್ಟು. ಒಣದ್ರಾಕ್ಷಿ ಇವನಿಗೆ ಸೇರುವುದಿಲ್ಲ. ಅವಳಿಗೆ ಇಷ್ಟವೆಂದು ಯಾರೋ ಹೇಳಿದ್ದಕ್ಕೆ ಹಾಕಿದ್ದ.

ಹಿಂದಿನ ಸಂಜೆ ಅವಳೇ ಬಂದು ಬೆಕ್ಕನ್ನು ಒಪ್ಪಿಸಿದ್ದಳು.

"ಬೆಳಿಗ್ಗೆ ಕಿಯೋತಾಗೆ ಅಕ್ಕನ ಮನೆಗೆ ಹೋಗ್ತಿದೀನಿ, ಸಂಜೆ ಬಂದ್ಬಿಡ್ತೀನಿ. ಇವಳಿಗೆ ಬೇಯಿಸಿದ ಕೋಳಿ ಮಾತ್ರ ಕೊಡಿ. ಉಪ್ಪಿಲ್ಲ, ಮೂಳೆಯಿಲ್ಲ, ಮಸಾಲೆಯಂತೂ ಸೋಕಕೂಡ್ದು. ಯಾಕೋ ಇತ್ತೀಚೆಗೆ ಸರಿಯಾಗಿ ತಿಂತಾನೇ ಇಲ್ಲ, ದೋನ್ ಎವಾರಿಸ್ತೊ. ನಿಮ್ಮನ್ನ ಬಿಟ್ರೆ ನನಗೆ ಇನ್ಯಾರ ಮೇಲೂ ನಂಬಿಕೆ ಇಲ್ಲ."

ಆ ಕೊನೆಯ ಮಾತಿನಿಂದ ಇವನಿಗೆ ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಈಗ ಕಿಟಕಿಯಲ್ಲಿ ಗುಂಡಿ ನೋಡುತ್ತ ನಿಂತಿದ್ದಾಗ ಎದುರು ಮನೆಯಿಂದ ಕೂಗು ಕೇಳಿಸಿತು.

"ರೀ ದೋನ್ ಎವಾರಿಸ್ತೊ! ಏನ್ ತಿಂತು ಅದು? ಹೂರಣನಾ? ಈರುಳ್ಳಿ ಹಾಕಿದ ಹೂರಣನಾ?"

ಎದುರು ಮನೆಯ ದೋನ್ಯಾ ಎಲ್ಸಿರಾಗೆ ಕಿಟಕಿಯಲ್ಲಿ ಕೂರುವುದೇ ಉದ್ಯೋಗ. ಎರಡು ಮನೆಗಳ ನಡುವೆ ಮೆಟ್ಟಿಲ ಓಣಿ ಎಷ್ಟು ಕಿರಿದೆಂದರೆ, ಅವಳು ಸೀನಿದರೆ ಇವನು ದೇವರು ಕಾಪಾಡಲಿ ಎನ್ನಬೇಕಾಗುತ್ತಿತ್ತು.

"ಈರುಳ್ಳಿ ಹಾಕದ ಹೂರಣ ಯಾರು ಮಾಡ್ತಾರೆ?" ಎಂದ ಎವಾರಿಸ್ತೊ.

"ಅಯ್ಯೋ ದೇವ್ರೇ! ಈರುಳ್ಳಿ ಬೆಕ್ಕಿಗೆ ವಿಷ ಕಣ್ರೀ! ಮೊನ್ನೆ ರೇಡಿಯೋದಲ್ಲಿ ಒಬ್ರು ಹೇಳ್ತಿದ್ರು. ರಕ್ತ ನೀರಾಗಿ ಹೋಗುತ್ತಂತೆ!"

ಅಷ್ಟು ಹೇಳಿ ಅವಳು ಕಿಟಕಿಯಿಂದ ಮಾಯವಾದಳು. ಮರುಕ್ಷಣ ಇವನ ಅಡುಗೆಮನೆಯಲ್ಲಿ ಪ್ರತ್ಯಕ್ಷಳಾದಳು. ಅವಳ ಬೆನ್ನಿಗೇ ಕೆಳಗಿನ ಮನೆಯ ನಿಕಾನೋರ್ ಬಂದ. ಅವನು ಹಡಗಿನಲ್ಲಿ ಅಡುಗೆಯವನಾಗಿದ್ದವನು. ಭೂಮಿಯ ಮೇಲೆ ಇಳಿದು ಎಷ್ಟೋ ಕಾಲವಾದರೂ ಕಾಲು ಅಗಲಿಸಿ ತೂಗಾಡುತ್ತಲೇ ನಡೆಯುತ್ತಿದ್ದ.

"ಏನ್ ಗಲಾಟೆ? ಬೆಕ್ಕು ತಿಂತಾ? ತಿನ್ಲಿ ಬಿಡಿ," ಎಂದ ನಿಕಾನೋರ್, ಹೂರಣದ ಕಡೆ ನೋಡದೆ.

"ತಿನ್ಲಿ ಬಿಡಿ ಅಂತೀರಲ್ಲ! ಇಸ್ಮೇನಿಯಾ ಸಂಜೆ ಬಂದು ಕೇಳಿದ್ರೆ ಬೆಕ್ಕಿನ ಹೆಣ ತೋರಿಸ್ತೀರಾ?"

ಹೆಣ ಎಂಬ ಮಾತು ಕೇಳಿ ಎವಾರಿಸ್ತೊ ತಂತಿಯಿಂದ ಕೋಲು ಜಾರಿದ ಟ್ರಾಲಿಬಸ್ಸಿನಂತೆ ಇದ್ದಲ್ಲೇ ನಿಂತುಬಿಟ್ಟ.

"ವಿಷಕ್ಕೆ ಹಾಲೇ ಮದ್ದು," ಎಂದ ನಿಕಾನೋರ್. "ಹಡಗಲ್ಲಿ ಯಾರು ಏನು ತಿಂದ್ರೂ ನಾನು ಹಾಲು ಕೊಡ್ತಿದ್ದೆ."

"ಹಾಲಲ್ಲ, ಆಲಿವ್ ಎಣ್ಣೆ. ಜಾರಿ ಹೊರಗೆ ಬರ್ಬೇಕು."

ಕೊನೆಗೆ ಎರಡನ್ನೂ ಕೊಡುವುದೆಂದಾಯಿತು. ಎವಾರಿಸ್ತೊ ಬಟ್ಟಲು ಹಿಡಿದ, ಎಲ್ಸಿರಾ ಎಣ್ಣೆ ಸುರಿದಳು, ನಿಕಾನೋರ್ ಮೇಲ್ವಿಚಾರಣೆ ಮಾಡಿದ. ಕನೇಲಾ ಯಾವ ತಕರಾರೂ ಮಾಡದೆ ಬಟ್ಟಲನ್ನು ತಳ ಕಾಣುವವರೆಗೆ ನೆಕ್ಕಿ, ಇನ್ನೇನಿದೆ ಎನ್ನುವಂತೆ ಮುಖ ನೋಡಿದಳು.

"ಒಣದ್ರಾಕ್ಷಿ ಬೇರೆ ಹಾಕಿದೀರಲ್ಲ," ಎಂದಳು ಎಲ್ಸಿರಾ, ಪಾತ್ರೆಗೆ ಬಗ್ಗಿ. "ದ್ರಾಕ್ಷಿನೂ ಆಗಲ್ಲಂತೆ, ಮೂತ್ರಪಿಂಡ ಹೋಗುತ್ತಂತೆ."

"ಬೆಕ್ಕಿನ ಮಾತು ಬಿಡಿ, ಮನುಷ್ಯರಿಗೇ ಆಗಲ್ಲ," ಎಂದ ನಿಕಾನೋರ್. "ಎಂಪನಾದಾಗೆ ಒಣದ್ರಾಕ್ಷಿ ಹಾಕೋನು ಕಾಫಿಗೆ ಮೀನು ಹಾಕ್ತಾನೆ."

"ಏನಂದ್ರಿ? ನಮ್ಮಮ್ಮ ಹಾಕ್ತಿದ್ಲು!"

"ಅದಕ್ಕೇ ನಿಮ್ಮಪ್ಪ ಹಬ್ಬದ ದಿನ ಪ್ರತಿ ವರ್ಷ ನಮ್ಮನೇಲಿ ಊಟ ಮಾಡ್ತಿದ್ದ."

ದೇಶದಲ್ಲಿ ಈ ವಿಷಯಕ್ಕೆ ಮದುವೆಗಳೇ ಮುರಿದಿವೆ. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು, ಒಣದ್ರಾಕ್ಷಿಯ ಪರವಾಗಿ ಒಬ್ಬರು, ವಿರುದ್ಧವಾಗಿ ಒಬ್ಬರು, ಅಡುಗೆಮನೆ ಹಾರುವಂತೆ ವಾದಿಸತೊಡಗಿದರು. ನಡುವೆ ಎವಾರಿಸ್ತೊ ಬೆಕ್ಕನ್ನು ಎದೆಗವಚಿಕೊಂಡು ನಿಂತಿದ್ದ. ಹಬ್ಬಕ್ಕೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಅಳತೆ ನೋಡಲು ಆಗಲೇ ಹಾಕಿಕೊಂಡಿದ್ದ. ಹಾಲು ಮತ್ತು ಎಣ್ಣೆ ತಮ್ಮ ಕೆಲಸ ಮಾಡಿದ್ದು ಆ ಅಂಗಿಯ ಮೇಲೆ.

ವಾದ ನಿಂತಿತು. ಮೂವರೂ ಅಂಗಿಯನ್ನು ನೋಡಿದರು.

"ಹೊರಗೆ ಬಂತಲ್ಲ, ಒಳ್ಳೇದೇ ಆಯ್ತು," ಎಂದಳು ಎಲ್ಸಿರಾ, ಮೂಗು ಮುಚ್ಚಿಕೊಂಡು.

ಆದರೆ ಕನೇಲಾ ಈಗ ನಿಜಕ್ಕೂ ಸೊರಗಿದಂತೆ ಕಂಡಳು. ತಲೆಯನ್ನು ಅವನ ತೋಳಿನ ಮೇಲೆ ಹಾಕಿ ಕಣ್ಣು ಮುಚ್ಚಿದಳು. "ಡಾಕ್ಟರ್ ಹತ್ರ ಹೋಗ್ತೀನಿ," ಎಂದ ಎವಾರಿಸ್ತೊ. ಅಂದು ಬೆಳಗಿನಿಂದ ಅವನು ತಾನಾಗಿ ಮಾಡಿದ ಮೊದಲ ನಿರ್ಧಾರ ಅದು.

ಒಬ್ಬನೇ ಹೋಗಲು ಅವರು ಬಿಡಲಿಲ್ಲ. ಎಲ್ಸಿರಾ ತರಕಾರಿ ತರುವ ತನ್ನ ಕೈಗಾಡಿಯಲ್ಲಿ ದುಪ್ಪಟಿ ಹಾಸಿ ಬೆಕ್ಕನ್ನು ಮಲಗಿಸಿ ಮೇಲೊಂದು ಬಲೆಚೀಲ ಬಿಗಿದಳು. ಗುಡ್ಡ ಹತ್ತಿಸಿ ಇಳಿಸುವ ಹಳಿಯ ಲಿಫ್ಟು ಎಂದಿನಂತೆ ದುರಸ್ತಿಯಲ್ಲಿತ್ತು. ಆದ್ದರಿಂದ ಮೆಟ್ಟಿಲು. ಕೈಗಾಡಿ ಒಂದೊಂದು ಮೆಟ್ಟಿಲಿಗೂ ದಡಕ್ಕೆಂದು ಇಳಿಯುತ್ತಿತ್ತು, ಪ್ರತಿ ದಡಕ್ಕಿಗೂ ಒಳಗಿನಿಂದ ಮಿಯಾಂವ್ ಎಂಬ ಉತ್ತರ. ದಾರಿಯುದ್ದಕ್ಕೂ ಬಾಗಿಲುಗಳು ತೆರೆದವು.

"ಏನಾಯ್ತು?"

"ದೋನ್ ಎವಾರಿಸ್ತೊ ಇಸ್ಮೇನಿಯಾ ಬೆಕ್ಕಿಗೆ ವಿಷ ಹಾಕ್ಬಿಟ್ಟ!" ಎಂದು ನಿಕಾನೋರ್ ಕೇಳಿದವರಿಗೆಲ್ಲ ಹೇಳುತ್ತ ಇಳಿದ.

"ಬೇಕಂತ ಹಾಕ್ಲಿಲ್ಲ!" ಎಂದು ಎವಾರಿಸ್ತೊ ಹಿಂದಿನಿಂದ ಸೇರಿಸುತ್ತಿದ್ದ. ಹಾಗೆ ಸೇರಿಸಿದ್ದರಿಂದ ಜನಕ್ಕೆ ಅನುಮಾನ ಇನ್ನಷ್ಟು ಹೆಚ್ಚಾಯಿತು.

ಕೊನೆಯ ತಿರುವಿನಲ್ಲಿ ಒಂದು ಚಕ್ರ ಕಳಚಿತು. ಹಿಡಿ ಎಲ್ಸಿರಾಳ ಕೈಯಲ್ಲೇ ಉಳಿಯಿತು, ಗಾಡಿ ಉಳಿಯಲಿಲ್ಲ. ಅದು ಉಳಿದ ಮೆಟ್ಟಿಲುಗಳನ್ನು ತಾನೇ ಇಳಿದು, ಹಬ್ಬಕ್ಕೆ ಅಭ್ಯಾಸ ಮಾಡುತ್ತಿದ್ದ ಬ್ಯಾಂಡಿನವರ ನಡುವೆ ನುಗ್ಗಿ, ದೊಡ್ಡ ಡೋಲಿಗೆ ಢಮ್ಮೆಂದು ಬಡಿದು ನಿಂತಿತು. ಬ್ಯಾಂಡಿನವರು ಅದೇ ತಾಳವೆಂದುಕೊಂಡು ನುಡಿಸಲು ಶುರುಮಾಡಿದರು. ಎವಾರಿಸ್ತೊ ಓಡಿ ಬಂದು ಚೀಲ ಬಿಚ್ಚಿದ. ಕನೇಲಾ ಒಳಗಿನಿಂದ ತಲೆ ಎತ್ತಿ ಅವನನ್ನು ನೋಡಿದ ನೋಟದಲ್ಲಿ ಈರುಳ್ಳಿಯಿಂದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂಬ ಭಾವವಿತ್ತು. ಅಲ್ಲಿಂದ ಮುಂದಕ್ಕೆ ಅವನು ಅವಳನ್ನು ತೋಳಿನಲ್ಲೇ ಹೊತ್ತು ನಡೆದ.

ಬೆಕ್ಕು ನಾಯಿಗಳನ್ನು ನೋಡುವ ಡಾಕ್ಟರ್ ಒರ್ರೇಗೊ ಹಬ್ಬಕ್ಕೆ ಊರಿಗೆ ಹೊರಟು ಕದಕ್ಕೆ ಬೀಗ ಹಾಕುತ್ತಿದ್ದಳು. ಮೂವರನ್ನೂ, ಅವನ ಅಂಗಿಯನ್ನೂ ಕಂಡು, ಮಾತಾಡದೆ ಬೀಗ ತೆಗೆದಳು.

"ಏನು ತಿಂದಿದೆ?"

"ಹೂರಣ. ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿ," ಎಂದ ಎವಾರಿಸ್ತೊ. ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವಾಗಲೂ ಅವನ ದನಿ ಅಷ್ಟು ನಡುಗಿರಲಿಲ್ಲ.

"ಎಷ್ಟು?"

ಅವನು ಮುಷ್ಟಿ ತೋರಿಸಿದ. ಡಾಕ್ಟರ ಹುಬ್ಬು ಮೇಲೇರಿತು. "ಅಷ್ಟು ತಿಂದಿದ್ರೆ ಕಷ್ಟ. ಒಂದು ತುತ್ತಾದ್ರೂ ತಿನ್ನೋದನ್ನ ನೀವು ಕಣ್ಣಾರೆ ನೋಡಿದ್ರಾ? ಬಾಯಲ್ಲಿ ಈರುಳ್ಳಿ ವಾಸನೆ ಇಲ್ವಲ್ಲ. ಅಂಗಿ ಮೇಲೂ ಬರೀ ಹಾಲು, ಎಣ್ಣೆ, ಕೋಳಿ. ಯಾರು ಹಾಲು ಕೊಟ್ಟಿದ್ದು? ದೊಡ್ಡ ಬೆಕ್ಕಿಗೆ ಹಾಲು ಜೀರ್ಣವಾಗಲ್ಲ, ಭೇದಿ ಆಗುತ್ತೆ."

ಎಲ್ಸಿರಾ ನಿಕಾನೋರನ ಕಡೆ ಬೆರಳು ತೋರಿಸಿದಳು. ನಿಕಾನೋರ್ ಗೋಡೆಯ ಮೇಲಿದ್ದ ನಾಯಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

"ಆದ್ರೂ ತಿಂದಿರಬಹುದು ಅಂದ್ರೆ ವಾಂತಿ ಮಾಡಿಸೋಕೆ ಸೂಜಿ ಚುಚ್ಚಬೇಕಾಗುತ್ತೆ," ಎಂದಳು ಡಾಕ್ಟರ್. "ಅದೂ ಸುಲಭದ್ದಲ್ಲ ಇದಕ್ಕೆ."

"ಬೇಡ, ಚುಚ್ಚಬೇಡಿ," ಎಂದ ನಿಕಾನೋರ್ ಚಿತ್ರದಿಂದ ಕಣ್ಣು ತೆಗೆಯದೆ. "ಬೆಕ್ಕು ತಿಂದಿಲ್ಲ."

"ನಿಮಗೆ ಹೇಗೆ ಗೊತ್ತು?"

"ನಾನು ತಿಂದೆ."

ಎಲ್ಲರೂ ಅವನ ಕಡೆ ತಿರುಗಿದರು.

"ಇವನು ಬಾವುಟದ ಜೊತೆ ಕುಸ್ತಿ ಮಾಡ್ತಿದ್ದ. ನಾನು ಮೆಟ್ಟಿಲು ಹತ್ತುತ್ತಿದ್ದೆ. ಕಿಟಕಿ ತೆರೆದಿತ್ತು. ಒಣದ್ರಾಕ್ಷಿ ಹಾಕಿದಾನೋ ಇಲ್ವೋ ಅಂತ ನೋಡೋಣ ಅಂದ್ಕೊಂಡೆ. ಒಂದು ಸೌಟು ತಿಂದೆ. ಹಾಕಿದ್ದ. ನಿಜಾನಾ ಅಂತ ಇನ್ನೊಂದು ಸೌಟು ತಿಂದೆ. ತಟ್ಟೆ ಬಿತ್ತು, ನಾನು ಇಳಿದೆ. ಬೆಕ್ಕು ಆಮೇಲೆ ಬಂದು ಕೂತಿರಬೇಕು."

ಎವಾರಿಸ್ತೊಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಅವನು ನಿಕಾನೋರನನ್ನು ತಬ್ಬಿಕೊಂಡ, ಅಂಗಿಯ ಸಮೇತ. ಎಲ್ಸಿರಾ ಕಣ್ಣೊರೆಸಿಕೊಂಡಳು. ಇಸ್ಮೇನಿಯಾಳಿಗೆ ಈಗ ಹೇಳಬೇಕಾದ್ದು ಏನೂ ಉಳಿದಿರಲಿಲ್ಲ. ಅಂಗಿ ಒಗೆದರಾಯಿತು.

"ಇನ್ನೂ ಮುಗಿದಿಲ್ಲ," ಎಂದಳು ಡಾಕ್ಟರ್.

ಅವಳು ಕನೇಲಾಳ ತುಟಿ ಎತ್ತಿ ವಸಡನ್ನು ನೋಡುತ್ತಿದ್ದಳು. ಗುಲಾಬಿಯಾಗಿರಬೇಕಾದ ವಸಡು ಸುಣ್ಣದ ಗೋಡೆಯ ಹಾಗಿತ್ತು. ಒಂದು ಹನಿ ರಕ್ತ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟು ಬಹಳ ಹೊತ್ತು ನೋಡಿದಳು. ಹಬ್ಬಕ್ಕೆ ಹೊರಟವಳೆಂಬುದು ಅವಳಿಗೇ ಮರೆತಂತಿತ್ತು.

"ಈರುಳ್ಳಿ ತಿಂದ ದಿನವೇ ರಕ್ತ ಹೀಗಾಗಲ್ಲ. ಇದು ಬಹಳ ದಿನದಿಂದ ನಡೀತಿದೆ, ಸ್ವಲ್ಪ ಸ್ವಲ್ಪವಾಗಿ. ಬೆಕ್ಕು ಸೊರಗಿರೋದು ಇವತ್ತಿನಿಂದಲ್ಲ. ಯಾರೋ ಇದಕ್ಕೆ ಈರುಳ್ಳಿನೋ ಬೆಳ್ಳುಳ್ಳಿನೋ ಇರೋ ಊಟ ಕೊಡ್ತಾ ಬಂದಿದಾರೆ. ಮನೆಯವರಾ?"

"ಇಲ್ಲ, ಇಲ್ಲ," ಎಂದಳು ಎಲ್ಸಿರಾ ಥಟ್ಟನೆ. "ಇಸ್ಮೇನಿಯಾ ಉಪ್ಪು ಸಹ ಹಾಕಲ್ಲ."

"ಮತ್ತೆ ಯಾರು?"

ಹೊರಗೆ ಬ್ಯಾಂಡು ನುಡಿಯುತ್ತಿತ್ತು. ಮೊದಲು ಸೋತವಳು ಎಲ್ಸಿರಾ.

"ಬೆಳಿಗ್ಗೆ ನನ್ನ ಬಾಗಿಲಿಗೆ ಬರುತ್ತೆ. ರಾತ್ರಿ ಉಳಿದ ಕೋಳಿಸಾರು ಸ್ವಲ್ಪ ಹಾಕ್ತಿದ್ದೆ. ಈರುಳ್ಳಿ ಕೊಡ್ತಿರ್ಲಿಲ್ಲ ಡಾಕ್ಟ್ರೇ, ಒಂದೊಂದೇ ಹೆಕ್ಕಿ ತೆಗೀತಿದ್ದೆ. ಬರೀ ಸಾರು."

"ಸಾರಲ್ಲೇ ಇಳಿದಿರುತ್ತಲ್ಲಮ್ಮ ಅದು. ಬೇಯಿಸಿದ್ರೂ ಹುರಿದ್ರೂ ಪುಡಿ ಮಾಡಿದ್ರೂ ಒಂದೇ. ನೀವು?"

"ಮಧ್ಯಾಹ್ನ ನನ್ನ ಹತ್ರ," ಎಂದ ನಿಕಾನೋರ್. "ಒಂದು ತುಂಡು ಸಾಸೇಜು. ಹಡಗಲ್ಲೂ ಬೆಕ್ಕಿಗೆ ಅದನ್ನೇ ಕೊಡ್ತಿದ್ದೆ. ಚೆನ್ನಾಗಿ ತಿಂತಿದ್ವು."

"ಸಾಸೇಜಲ್ಲೂ ಬೆಳ್ಳುಳ್ಳಿ ಇರುತ್ತೆ. ಆ ಬೆಕ್ಕುಗಳು ಎಷ್ಟು ಕಾಲ ಬದುಕ್ತಿದ್ವು?"

ನಿಕಾನೋರ್ ಬಾಯಿ ತೆರೆದ. ಯೋಚಿಸಿದ. "ಪ್ರತಿ ಬಂದರಲ್ಲೂ ಹೊಸದೊಂದನ್ನ ಹತ್ತಿಸ್ಕೊಳ್ತಿದ್ವಿ," ಎಂದ. ಆ ಮಾತಿನ ಅರ್ಥ ಅವನಿಗೇ ಆಗಷ್ಟೇ ಹೊಳೆದಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಡಾಕ್ಟರು ಎವಾರಿಸ್ತೊನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ. ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಸಂಜೆ ನನ್ನ ಕಿಟಕಿಗೆ ಬರ್ತಾಳೆ," ಎಂದ. "ಈರುಳ್ಳಿ ಹಾಕಿ ಹುರಿದ ಮಾಂಸದ ಗೊಜ್ಜಲ್ಲಿ ಬ್ರೆಡ್ಡು ಅದ್ದಿ ಇಡ್ತೀನಿ. ದಿನಾ."

"ದಿನಾ?"

"ಒಂದು ದಿನಾನೂ ತಪ್ಪಿಸಿಲ್ಲ."

ಡಾಕ್ಟರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. "ಮೂರು ಮನೆ ಊಟ," ಎಂದಳು, ಕನೇಲಾಳ ಬೆನ್ನು ಸವರುತ್ತ. "ಅದಕ್ಕೇ ಮನೆಯ ಕೋಳಿ ಸಪ್ಪೆ ಅನ್ಸಿರೋದು. ಇವತ್ತಿಗೆ ನಿಲ್ಲಿಸಿದ್ರೆ ಉಳಿಯುತ್ತೆ. ಚೆನ್ನಾಗೇ ಆಗುತ್ತೆ. ಆದ್ರೆ ಒಬ್ಬರು ಒಂದು ತುತ್ತು ಕೊಟ್ರೂ ನಾನು ಜವಾಬ್ದಾರಳಲ್ಲ."

"ಏನೂ ಕೊಡಬಾರ್ದಾ?" ಎಂದಳು ಎಲ್ಸಿರಾ, ಅಳುವ ದನಿಯಲ್ಲಿ.

"ಮನೆಯವರು ಬೇಯಿಸಿದ ಕೋಳಿ ಕೊಡಲಿ, ಮೊಟ್ಟೆ ಕೊಡಲಿ, ಮುಳ್ಳು ತೆಗೆದ ಮೀನು ಕೊಡಲಿ. ಬೇಕಿದ್ರೆ ಒಂದು ಚಮಚ ಬೇಯಿಸಿದ ಕುಂಬಳಕಾಯಿ. ಹಾಲು, ಚಾಕೊಲೇಟು, ದ್ರಾಕ್ಷಿ, ಹಸಿ ಹಿಟ್ಟು ಬೇಡ. ನೀವು ಮೂವರೂ ಕೊಡಬಹುದಾದ್ದು ನೀರು."

ಹತ್ತುವಾಗ ಮುರಿದ ಗಾಡಿಯನ್ನು ನಿಕಾನೋರ್ ತಲೆಯ ಮೇಲೆ ಹೊತ್ತಿದ್ದ. ಬಾಗಿಲುಗಳಿಂದ ಮತ್ತೆ "ಏನಾಯ್ತು?" ಎಂದು ಕೇಳಿದರು. ಈ ಸಲ ನಿಕಾನೋರ್ ಗಾಡಿಯನ್ನು ಮುಖದವರೆಗೆ ಇಳಿಸಿಕೊಂಡು ಮುಂದೆ ನಡೆದ. ಎವಾರಿಸ್ತೊನ ತೋಳಿನಲ್ಲಿ ಬೆಕ್ಕು ಬಹಳ ಹಗುರವಾಗಿತ್ತು. ಇಷ್ಟು ಹಗುರವಾಗಿದ್ದನ್ನು ದಿನವೂ ಕಿಟಕಿಯಲ್ಲಿ ಸವರುತ್ತ ತನಗೆ ಹೇಗೆ ತಿಳಿಯದೇ ಹೋಯಿತು ಎಂದು ಅವನು ಪ್ರತಿ ಮೆಟ್ಟಿಲಿಗೂ ಕೇಳಿಕೊಂಡ.

ಮನೆಯ ಮುಂದೆ ಎಲ್ಸಿರಾ ಎದೆ ಸೆಟೆಸಿ ನಿಂತಳು. "ಸತ್ಯ ಹೇಳೋಣ. ಮೂವರೂ ಸೇರಿ ಹೇಳೋಣ. ತಪ್ಪು ಒಬ್ಬರದಲ್ಲ."

"ಮೂವರೂ ಸೇರಿ," ಎಂದ ನಿಕಾನೋರ್. "ಹಡಗಲ್ಲೂ ಹಾಗೇ. ಮುಳುಗಿದ್ರೆ ಎಲ್ಲರೂ."

ಹೊತ್ತು ಇಳಿಯುವ ಸಮಯದಲ್ಲಿ ಕೆಳಗಿನ ತಿರುವಿನಲ್ಲಿ ಇಸ್ಮೇನಿಯಾಳ ನೀಲಿ ಕೋಟು ಕಾಣಿಸಿತು. ಎವಾರಿಸ್ತೊ ಎದ್ದು ನಿಂತು ಪಕ್ಕಕ್ಕೆ ನೋಡಿದ. ಎಲ್ಸಿರಾಳ ಕಿಟಕಿ, ಅವನಿಗೆ ನೆನಪಿರುವಂತೆ ಮೊದಲ ಬಾರಿಗೆ, ಮುಚ್ಚಿತ್ತು. ನಿಕಾನೋರನ ಮನೆಯಲ್ಲಿ ಚಿಲಕ ಬಿದ್ದ ಸದ್ದಾಯಿತು. ಮೆಟ್ಟಿಲ ಮೇಲೆ ಅವನೂ ಬೆಕ್ಕೂ ಇಬ್ಬರೇ ಉಳಿದರು.

ಇಸ್ಮೇನಿಯಾ ಏದುಸಿರು ಬಿಡುತ್ತ ಹತ್ತಿ ಬಂದು, ಬೆಕ್ಕನ್ನು ಎತ್ತಿಕೊಂಡು, ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು.

"ಹೇಗಿದ್ಲು? ತಿಂದ್ಲಾ?"

"ಕೋಳಿ... ಸ್ವಲ್ಪ."

"ನೋಡಿದ್ರಾ, ನಿಮ್ಮ ಕೈಯಲ್ಲೂ ತಿನ್ಲಿಲ್ಲ." ಅವಳು ಕೆಳಗಿನ ಕಡಲನ್ನು ನೋಡಿದಳು. "ದೋನ್ ಎವಾರಿಸ್ತೊ, ನಿಮಗೇ ಮೊದಲು ಹೇಳ್ತಿದೀನಿ. ನಾನು ಮನೆ ಬಿಡ್ತಿದೀನಿ. ಅಕ್ಕನ ಜೊತೆ ಇರೋಕೆ ಕಿಯೋತಾಗೆ ಹೋಗ್ತೀನಿ."

ಅವನಿಗೆ ಸರಿಯಾಗಿ ಕೇಳಿಸಲಿಲ್ಲವೆನಿಸಿತು.

"ಇವಳಿಗೋಸ್ಕರ. ಈ ಕಡಲ ಗಾಳಿ, ಈ ತೇವ ಇವಳಿಗೆ ಆಗ್ತಿಲ್ಲ ಅಂತಾಳೆ ಅಕ್ಕ. ಅಲ್ಲಿ ಬಿಸಿಲು, ತೋಟ. ನನಗೆ ಹೋಗೋಕೆ ಇಷ್ಟ ಇದೆ ಅಂದ್ಕೋಬೇಡಿ. ಗಂಡ ಹೋದ್ಮೇಲೆ ನನಗೆ ಉಳಿದಿರೋದು ಇವಳೊಬ್ಬಳೇ. ಇಲ್ಲದಿದ್ರೆ ಈ ಗುಡ್ಡ ಬಿಟ್ಟು ಹೋಗ್ತಿದ್ನಾ? ನಿಮ್ಮಂಥ ನೆರೆಯವರು ನನಗೆ ಎಲ್ಲಿ ಸಿಗ್ತಾರೆ?"

ಎವಾರಿಸ್ತೊ ಪಕ್ಕದ ಮೆಟ್ಟಿಲ ಮೇಲೆ ಕುಳಿತ. ಅವಳು ಗಾಳಿಗೆ ಹೆದರಿ ಹೋಗುತ್ತಿದ್ದಾಳೆ. ಗಾಳಿಯದು ತಪ್ಪಿಲ್ಲವೆಂದು ತಿಳಿದರೆ ಹೋಗುವುದಿಲ್ಲ. ಅದನ್ನು ಹೇಳಬಲ್ಲವನು ತಾನು. ನಾಚಿಕೆಯಾಗುತ್ತದೆ, ಬೈಯುತ್ತಾಳೆ, ಒಂದು ವಾರ ಮುಖ ಕೊಡುವುದಿಲ್ಲ. ಆದರೆ ಉಳಿಯುತ್ತಾಳೆ.

"ಗಾಳಿಯಲ್ಲ," ಎಂದ. "ಇಸ್ಮೇನಿಯಾ ಅವರೇ, ಗಾಳಿಯಲ್ಲ. ನಾವು."

ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದ. ಹೂರಣ, ಹಾಲು, ಡೋಲು, ಡಾಕ್ಟರು, ಸಾರು, ಸಾಸೇಜು. ಡೋಲಿನ ಹತ್ತಿರ ಅವಳ ತುಟಿಯಂಚು ಸ್ವಲ್ಪ ನಕ್ಕಂತಾಯಿತು. ಅದರಿಂದ ಧೈರ್ಯ ತಂದುಕೊಂಡು ತನ್ನ ಕಿಟಕಿಯ ಬ್ರೆಡ್ಡಿನ ವಿಷಯವನ್ನೂ ಹೇಳಿದ. ಆಗ ನಗು ಹೋಯಿತು.

"ದಿನಾ?"

"ಹೂಂ."

"ನಾನು ಅಷ್ಟು ಸಲ ಹೇಳಿದ್ರೂ? ಯಾಕೆ?"

ಜೀವಮಾನದಲ್ಲಿ ಅವನಿಗೆ ಯಾರೂ ಇಷ್ಟು ಕಷ್ಟದ ಪ್ರಶ್ನೆ ಕೇಳಿರಲಿಲ್ಲ. ಮುಚ್ಚಿದ ಕಿಟಕಿಗಳ ಹಿಂದೆ ಯಾರೋ ಉಸಿರು ಬಿಗಿಹಿಡಿದದ್ದು ಅವನಿಗೆ ಕೇಳಿಸಿತು.

"ಅವಳು ನನ್ನ ಕಿಟಕೀಲಿ ಕೂತ್ರೆ ನೀವು ಮೇಲಿಂದ ಕರೀತಿದ್ರಿ. ತಿಂತಾ ಕೂತಿದ್ರೆ ಅವಳು ಬರ್ತಿರ್ಲಿಲ್ಲ. ಆಗ ನೀವೇ ಇಳಿದು ಬರ್ತಿದ್ರಿ, ನಾನು ಅಷ್ಟರಲ್ಲಿ ಬ್ರೆಡ್ಡು ಒಳಗೆ ತೆಗೀತಿದ್ದೆ. ಬಂದು... ಎರಡು ಮಾತಾಡಿ ಹೋಗ್ತಿದ್ರಿ."

ಇಸ್ಮೇನಿಯಾ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಹುಡುಕಿದರೆ ಅವನಿಗೆ ಸಿಕ್ಕಿದ್ದು ಬೇರೇನೋ, ಅದನ್ನು ನೋಡುವುದು ಸಿಟ್ಟಿಗಿಂತ ಕಷ್ಟವಾಗಿತ್ತು.

"ನನ್ನನ್ನೇ ಕರೀಬಹುದಿತ್ತಲ್ಲ, ದೋನ್ ಎವಾರಿಸ್ತೊ," ಎಂದಳು ಮೆಲ್ಲಗೆ. "ನಾನು ಬರ್ತಿದ್ದೆ."

"ಈಗ ಕರೀತೀನಿ. ನಾಳೆ ಬನ್ನಿ. ಎಂಪನಾದಾ ಮಾಡ್ತೀನಿ."

"ನಾಳೆ ಅಕ್ಕ ಬರ್ತಾಳೆ, ಸಾಮಾನು ಕಟ್ಟೋಕೆ."

"ಆದ್ರೆ ಗಾಳಿಯಿಂದ ಅಲ್ವಲ್ಲ! ಡಾಕ್ಟರೇ ಹೇಳಿದಾರೆ, ಇನ್ಮೇಲೆ ಯಾರೂ ಏನೂ ಕೊಡದಿದ್ರೆ..."

"ಗಾಳಿಯಾಗಿದ್ರೆ ಇನ್ನೊಂದು ಸಲ ಯೋಚಿಸ್ತಿದ್ದೆ," ಎಂದಳು ಇಸ್ಮೇನಿಯಾ, ಏಳುತ್ತ. "ನನ್ನ ಕಿಟಕಿ ಮುಚ್ಕೊಂಡು ಇದ್ದು ನೋಡ್ಬಹುದಿತ್ತು. ನಿಮ್ಮೆಲ್ಲರ ಕಿಟಕಿ ನಾನು ಹೇಗೆ ಮುಚ್ಚಲಿ, ಹೇಳಿ?"

ಅವಳು ಬೆಕ್ಕನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಹೋದಳು. ಹೆಗಲ ಮೇಲಿನಿಂದ ಕನೇಲಾ ಕೊನೆಯವರೆಗೂ ಇವನನ್ನೇ ನೋಡುತ್ತಿದ್ದಳು. ಸಂಜೆಯಾಗಿತ್ತು, ಅವಳಿಗೆ ಊಟದ ಹೊತ್ತು.

ಬಾಗಿಲು ಮುಚ್ಚಿದ ಕೂಡಲೇ ಓಣಿಯ ಕಿಟಕಿಗಳೆಲ್ಲ ತೆರೆದವು.

"ಹೋಗ್ರೀ, ಹೋಗಿ ಬಾಗಿಲು ತಟ್ಟಿ," ಎಂದು ಪಿಸುಗುಟ್ಟಿದ ನಿಕಾನೋರ್. "ಬರ್ತಿದ್ದೆ ಅಂದ್ಲಲ್ಲ!"

"ಇವತ್ತು ಬೇಡ, ನಾಳೆ ತಟ್ಟಲಿ," ಎಂದಳು ಎಲ್ಸಿರಾ. "ಮೊದಲು ಆ ಅಂಗಿ ಬದಲಾಯಿಸಲಿ."

"ನಾಳೆ ಅಕ್ಕ ಬರ್ತಾಳೆ ಕಣ್ರೀ!"

ಅವರು ಅವನ ತಲೆಯ ಮೇಲೆ ವಾದಿಸುತ್ತಿದ್ದಂತೆ ಎವಾರಿಸ್ತೊ ಎದ್ದ. ಅಂಗಿ ಬದಲಾಯಿಸಲಿಲ್ಲ. ನೇರವಾಗಿ ಮೇಲೆ ಹತ್ತಿ ಅವಳ ಬಾಗಿಲ ಮುಂದೆ ನಿಂತ. ಇಷ್ಟು ವರ್ಷ ಕೆಳಗಿನಿಂದ ಮಾತ್ರ ನೋಡಿದ್ದ ಬಾಗಿಲು. ಹೇಳಬೇಕಾದ ಮಾತು ಈ ಸಲ ಗಂಟಲಲ್ಲೇ ಸಿದ್ಧವಾಗಿತ್ತು. ತಟ್ಟಲು ಕೈ ಎತ್ತಿದ.

ಒಳಗೆ ತಟ್ಟೆಯ ಸದ್ದಾಯಿತು.

"ತಿನ್ನು ಮರಿ," ಎನ್ನುತ್ತಿದ್ದಳು ಇಸ್ಮೇನಿಯಾ. "ಒಂದು ಚೂರು ಕೋಳಿ ತಿನ್ನು. ನಿನಗೋಸ್ಕರ ಬೇಯಿಸಿದ್ದು."

ಆಮೇಲೆ ಮೆತ್ತನೆಯ ಹೆಜ್ಜೆಗಳು ಬಾಗಿಲ ಕಡೆ ಬಂದವು. ಕದದ ಅಡಿಯಲ್ಲಿ ಮೂಗು ಸೂಸೂ ಎಂದು ಮೂಸಿತು. ಅವನ ವಾಸನೆ ಸಿಕ್ಕಿರಬೇಕು. ಕನೇಲಾ ಕದವನ್ನು ಕೆರೆಯುತ್ತ, ತಟ್ಟೆಯ ಕಡೆ ತಿರುಗಿಯೂ ನೋಡದೆ, ಒಂದೇ ಸಮನೆ ಮಿಯಾಂವ್ ಎನ್ನತೊಡಗಿದಳು.

"ಯಾಕೆ ಮರಿ? ಯಾರಿದಾರೆ ಅಲ್ಲಿ?" ಇಸ್ಮೇನಿಯಾಳ ದನಿ ಹತ್ತಿರವಾಯಿತು. "ಯಾರದು?"

ಎವಾರಿಸ್ತೊ ಎತ್ತಿದ ಕೈಯನ್ನು ಇಳಿಸಿದ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಒಂದೊಂದೇ ಮೆಟ್ಟಿಲು ಇಳಿದ. ಮನೆಯ ಬಾಗಿಲು ತಲುಪುವವರೆಗೂ ಮೇಲೆ ಕೆರೆಯುವ ಸದ್ದು ಕೇಳುತ್ತಲೇ ಇತ್ತು. ಅವನು ಅಲ್ಲೇ ಕಾದು ನಿಂತ. ಸ್ವಲ್ಪ ಹೊತ್ತಿಗೆ ಕೆರೆಯುವುದು ನಿಂತಿತು. ಇನ್ನೂ ಸ್ವಲ್ಪ ಹೊತ್ತಿಗೆ, ಹಸಿದ ಬೆಕ್ಕು ಬೇರೆ ದಾರಿಯಿಲ್ಲದೆ ತಿನ್ನಲು ಶುರುಮಾಡಿದಾಗ ತಟ್ಟೆ ನೆಲದ ಮೇಲೆ ಜರುಗುವ ಸಣ್ಣ ಸದ್ದು ಕೇಳಿಸಿತು.